ಅಪ್‌ಡೇಟ್ ನಡುವೆ ಕರೆಂಟು ಹೋದರೆ?

ಹೊಸ ಗೇಮ್ ಕನ್ಸೋಲುಗಳ ಫರ್ಮ್‌ವೇರ್ ಅಪ್‌ಡೇಟ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಫರ್ಮ್‌ವೇರ್ ಎಂದರೆ ಕನ್ಸೋಲಿನ ಒಳಗಿನ ಮೆಮೊರಿ ಚಿಪ್ಪಿನಲ್ಲಿ ಕುಳಿತು, ಸ್ವಿಚ್ ಒತ್ತಿದಾಗ ಯಂತ್ರವನ್ನು ಎಬ್ಬಿಸಿ ನಡೆಸುವ ಮೂಲ ಸಾಫ್ಟ್‌ವೇರ್. ಆಟದ ಅಪ್‌ಡೇಟ್ ಕೆಟ್ಟರೆ ಒಂದು ಆಟ ಕೆಡುತ್ತದೆ. ಇದು ಕೆಟ್ಟರೆ ಯಂತ್ರವೇ ಏಳುವುದಿಲ್ಲ. ಅಂಥ ಕನ್ಸೋಲಿಗೆ ‘ಬ್ರಿಕ್’ ಆಯಿತು, ಅಂದರೆ ಇಟ್ಟಿಗೆಯಾಯಿತು ಎನ್ನುತ್ತಾರೆ.

ಪ್ರಶ್ನೆ: ಮಗನಿಗೆ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) ಕೊಂಡೆವು. ಡಬ್ಬಿ ಬಿಚ್ಚಿ ಟಿವಿಗೆ ಸಿಕ್ಕಿಸಿದ ಕೂಡಲೇ ಅಪ್‌ಡೇಟ್ ಕೇಳಿತು. ಅಂಗಡಿಯವರು ಹಳೆಯ ಸರಕು ಕೊಟ್ಟರೇ? ಮಾಡದೆ ಬಿಟ್ಟರೆ ನಡೆಯುತ್ತದೆಯೇ? — ಹೊಸಪೇಟೆಯ ಓದುಗರು

ಅಂಗಡಿಯವರದು ತಪ್ಪಿಲ್ಲ. ಕನ್ಸೋಲ್ ತಯಾರಾಗುವುದು ನಿಮ್ಮ ಕೈಗೆ ಬರುವ ಎಷ್ಟೋ ತಿಂಗಳು ಮೊದಲು. ಅವತ್ತು ಕಾರ್ಖಾನೆಯಲ್ಲಿ ತುಂಬಿದ ಫರ್ಮ್‌ವೇರ್ ಡಬ್ಬಿಯೊಳಗೆ ಹಾಗೇ ಇರುತ್ತದೆ, ಅತ್ತ ಸಾಫ್ಟ್‌ವೇರ್ ಬರೆಯುವವರ ಕೆಲಸ ಮುಂದುವರಿದಿರುತ್ತದೆ. ಹೊಸ ಮಾದರಿ ಬಿಡುಗಡೆಯಾದ ದಿನಗಳಲ್ಲಿ ಈ ಅಂತರ ಬಹಳ ದೊಡ್ಡದು. 2012 ರ ನವೆಂಬರಿನಲ್ಲಿ ನಿಂಟೆಂಡೊ ವೀ ಯು ಬಂದಾಗ ಮೊದಲ ದಿನವೇ ಸುಮಾರು 1 ಜಿಬಿ ಅಪ್‌ಡೇಟ್ ಇಳಿಸಬೇಕಾಯಿತು; ಅದಿಲ್ಲದೆ ಆನ್‌ಲೈನ್ ಅಂಗಡಿಯೂ ಇಲ್ಲ, ಹಳೆಯ ವೀ ಆಟಗಳೂ ಇಲ್ಲ. ಹಲವರಿಗೆ ಒಂದು ಗಂಟೆಗೂ ಮೀರಿ ಹಿಡಿಯಿತು. ಕೆಟ್ಟು ನಿಂತಿರಬೇಕೆಂದು ನಡುವೆ ಪ್ಲಗ್ ಕಿತ್ತ ಕೆಲವರ ಯಂತ್ರ ಮತ್ತೆ ಏಳಲಿಲ್ಲ. 2013 ರ ಎಕ್ಸ್‌ಬಾಕ್ಸ್ ಒನ್ ಅಂತೂ ಮೊದಲ ಅಪ್‌ಡೇಟ್ ಆಗದೆ ಡಿಸ್ಕಿನ ಆಟವನ್ನೂ ಆಡಿಸುತ್ತಿರಲಿಲ್ಲ.

ಪಿಎಸ್5ರಲ್ಲಿ ಇಂಟರ್ನೆಟ್ ಜೋಡಿಸದೆಯೇ ಸೆಟಪ್ ಮುಗಿಸಿ ಡಿಸ್ಕಿನ ಆಟ ಆಡಬಹುದು. ಆದರೆ 2023 ರ ಕೊನೆಗೆ ಬಂದ ತೆಳು ಮಾದರಿಯಲ್ಲಿ ಕಳಚಬಹುದಾದ ಡಿಸ್ಕ್ ಡ್ರೈವನ್ನು ಹೊಸದಾಗಿ ಸಿಕ್ಕಿಸಿದರೆ, ಅದನ್ನು ಯಂತ್ರಕ್ಕೆ ಪರಿಚಯಿಸಲು ಒಮ್ಮೆ ಇಂಟರ್ನೆಟ್ ಬೇಕೇ ಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ಗಳ ಮೊದಲ ಸೆಟಪ್ಪಿಗೂ ಅಷ್ಟೇ.

ನಮ್ಮ ಮಾತು ಕೇಳುವುದಾದರೆ ಮೊದಲ ಅಪ್‌ಡೇಟನ್ನು ಮುಂದೂಡಬೇಡಿ. ಯಂತ್ರ ಖಾಲಿ ಇರುತ್ತದೆ, ಕಳೆದುಕೊಳ್ಳಲು ಸೇವ್ ಫೈಲೂ (ಆಟದಲ್ಲಿ ಎಲ್ಲಿಯವರೆಗೆ ಬಂದಿರಿ ಎಂಬ ದಾಖಲೆ) ಇಲ್ಲ. ಏನಾದರೂ ಕೆಟ್ಟರೆ ಬಿಲ್ಲು, ಡಬ್ಬಿ, ವಾರಂಟಿ ಎಲ್ಲ ಕೈಯಲ್ಲೇ ಇರುತ್ತವೆ. ಹುಟ್ಟುಹಬ್ಬದ ಉಡುಗೊರೆಯಾದರೆ ಹಿಂದಿನ ರಾತ್ರಿಯೇ ಮುಗಿಸಿ, ಮತ್ತೆ ಡಬ್ಬಿಗೆ ಹಾಕಿಡಿ. ಮೇಣದಬತ್ತಿ ಆರಿಸಿದ ಮಕ್ಕಳನ್ನು ಪ್ರಗತಿ ಪಟ್ಟಿಯ ಮುಂದೆ ಕೂರಿಸುವಷ್ಟು ಕಷ್ಟ ಬೇರೊಂದಿಲ್ಲ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಅಪ್‌ಡೇಟ್ ನಡುವೆ ಹೋದರೆ ಏನು ಗತಿ? ನೆಟ್ ಕೂಡ ಆಗಾಗ ಕಡಿಯುತ್ತದೆ. — ಶಿರಸಿಯ ಓದುಗರು

ಎರಡನ್ನೂ ಬೇರೆ ಬೇರೆ ಮಾಡಿ ನೋಡಿ. ನೆಟ್ ಕಡಿದರೆ ಭಯವಿಲ್ಲ, ಕರೆಂಟು ಹೋದರೆ ಇದೆ. ಅದರಲ್ಲೂ ಎಲ್ಲ ಹೊತ್ತಿನಲ್ಲೂ ಇಲ್ಲ.

ಅಪ್‌ಡೇಟ್ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಫೈಲು ಇಳಿಯುತ್ತದೆ. ಇದು ಸಾಮಾನ್ಯ ಡೌನ್‌ಲೋಡ್, ಎಲ್ಲಿ ನಿಂತರೂ ಹಳೆಯ ಫರ್ಮ್‌ವೇರಿಗೆ ಏನೂ ಆಗಿರುವುದಿಲ್ಲ. ಆಮೇಲೆ ಯಂತ್ರ ಆ ಫೈಲಿನ ಡಿಜಿಟಲ್ ಸಹಿ ಪರೀಕ್ಷಿಸುತ್ತದೆ. ಒಂದು ಅಕ್ಷರ ಕೆಟ್ಟಿದ್ದರೂ ‘ಫೈಲ್ ಸರಿಯಿಲ್ಲ’ ಎಂದು ಎಸೆಯುತ್ತದೆ. ಬಿಡುಗಡೆಯ ದಿನ ಸರ್ವರಿಗೆ ನೂಕುನುಗ್ಗಲಾಗಿ ಬರುವ ಎರರ್‌ಗಳು ಹೆಚ್ಚಿನವು ಈ ಎರಡು ಹಂತದವೇ, ಗಾಬರಿ ಬೇಡ. ಮೂರನೆಯದು ಬರೆಯುವ ಹಂತ. ಪರದೆಯ ಮೇಲೆ ‘ಇನ್‌ಸ್ಟಾಲಿಂಗ್’ ಎಂದು ಬಂದು, ಯಂತ್ರ ಒಂದೆರಡು ಸಲ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದನ್ನು ಒಂದು ಇಡೀ ತುಂಡಾಗಿ ಅಳಿಸಿಯೇ ಹೊಸದನ್ನು ಬರೆಯಬೇಕು. ಅಳಿಸಿ ಆಗಿದೆ, ಬರೆದು ಆಗಿಲ್ಲ — ಆ ಗಳಿಗೆಯಲ್ಲಿ ಕರೆಂಟು ಹೋದರೆ ಅಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಈಗಿನ ಕನ್ಸೋಲುಗಳಲ್ಲಿ ಇದಕ್ಕೆಂದೇ ಸಣ್ಣದೊಂದು ರಕ್ಷಣಾ ಭಾಗ ಇರುತ್ತದೆ: ಮುಖ್ಯ ಫರ್ಮ್‌ವೇರ್ ಕೆಟ್ಟರೂ ಸೇಫ್ ಮೋಡ್ (ದುರಸ್ತಿಗೆಂದೇ ಇರುವ ಸರಳ ಪಟ್ಟಿ) ಏಳುತ್ತದೆ. ಎಲ್ಲಕ್ಕಿಂತ ಮೊದಲು ಏಳುವ ಬೂಟ್ ಭಾಗವನ್ನೇ ತಿದ್ದುವ ಅಪ್‌ಡೇಟ್ ಬಂದರೆ ಮಾತ್ರ ಈ ಆಸರೆ ಸಾಲದು. 2009 ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ವೀಗೆ ಬಂದ 4.2 ಅಪ್‌ಡೇಟ್ ಹಾಗೆ ಬೂಟ್ ಭಾಗಕ್ಕೆ ಕೈಹಾಕಿತು. ಯಾವ ಕಿತಾಪತಿಯನ್ನೂ ಮಾಡದೆ ಡಬ್ಬಿಯಿಂದ ತೆಗೆದಂತೆ ಇಟ್ಟುಕೊಂಡಿದ್ದವರ ಯಂತ್ರಗಳಲ್ಲೂ ಕೆಲವು ಸತ್ತವು. ಅಂಥದ್ದಕ್ಕೆ ಮನೆಯಲ್ಲಿ ಮದ್ದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಇಳಿಸುವ ಕೆಲಸ ಯಾವಾಗ ಬೇಕಾದರೂ ಆಗಲಿ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಆದರೂ ಸರಿ. ಬರೆಯುವ ಹಂತಕ್ಕೆ ‘ಇನ್‌ಸ್ಟಾಲ್’ ಒತ್ತುವ ಮೊದಲು ಯಂತ್ರವನ್ನು ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸಿ. 600 ವಿಎ ಸಾಕು: ಪಿಎಸ್5 ಆಟ ಆಡುವಾಗ 200 ವಾಟ್ ಆಸುಪಾಸು ಎಳೆದರೂ ಅಪ್‌ಡೇಟ್ ಹೊತ್ತಿನಲ್ಲಿ ಅದರ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಯುಪಿಎಸ್ ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಹೊಸದಿದ್ದರೆ ಅರ್ಧ ಗಂಟೆಯಾದರೂ ತಾಳುತ್ತದೆ. ಇನ್‌ಸ್ಟಾಲ್ ಸಾಮಾನ್ಯವಾಗಿ 5ರಿಂದ 15 ನಿಮಿಷದ ಕೆಲಸ. ಮೂರು ವರ್ಷ ಹಳೆಯ ಬ್ಯಾಟರಿಯಾದರೆ ಮೊದಲು ಒಂದು ಟೇಬಲ್ ಲ್ಯಾಂಪ್ ಹಚ್ಚಿ, ಪ್ಲಗ್ ಕಿತ್ತು ಪರೀಕ್ಷಿಸಿ. ಟಿವಿಯನ್ನು ಅದೇ ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದು ಆರಿದರೂ ಕನ್ಸೋಲ್ ತನ್ನ ಕೆಲಸ ತಾನು ಮಾಡುತ್ತದೆ.

ಮನೆಯ ಇನ್ವರ್ಟರನ್ನೇ ನಂಬುವುದಾದರೆ ಅದರ ಹಿಂಬದಿಯ ಸ್ವಿಚ್ ‘ಯುಪಿಎಸ್’ ಮೋಡಿನಲ್ಲಿ ಇರಲಿ. ‘ನಾರ್ಮಲ್’ ಅಥವಾ ‘ಇಕೋ’ದಲ್ಲಿ ಬ್ಯಾಟರಿಗೆ ಹೊರಳಲು ತಗಲುವ ಸಮಯ ಹೆಚ್ಚು, ಫ್ಯಾನಿಗೆ ಗೊತ್ತಾಗುವುದಿಲ್ಲ, ಕನ್ಸೋಲ್ ಆರಿಹೋಗಬಹುದು. ಗುಡುಗು ಮಿಂಚಿನ ಸಂಜೆ ಯುಪಿಎಸ್ ಇದ್ದರೂ ಬೇಡ, ನಾಳೆ ಬೆಳಗ್ಗೆ ಮಾಡಿ.

ನಿಂಟೆಂಡೊ ಸ್ವಿಚ್, ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ಈ ತಲೆಬಿಸಿ ಇಲ್ಲ. ಒಳಗೇ ಬ್ಯಾಟರಿ ಇದೆ, ಪೂರ್ತಿ ಚಾರ್ಜ್ ಮಾಡಿ ಶುರು ಮಾಡಿದರೆ ಆಯಿತು.

ಪ್ರಶ್ನೆ: ಕರೆಂಟು ಹೋಗಿಯೇ ಬಿಟ್ಟಿತು! ಈಗ ಪಿಎಸ್5 ಹಚ್ಚಿದರೆ ಕಪ್ಪು ಪರದೆ, ಕಂಟ್ರೋಲರಿಗೂ ಸ್ಪಂದಿಸುವುದಿಲ್ಲ. — ದಾವಣಗೆರೆಯ ಓದುಗರು

ಅಂಗಡಿಗೆ ಹೊರುವ ಮೊದಲು ಇದನ್ನು ಮಾಡಿ. ಪವರ್ ಬಟನ್ ಒತ್ತಿ ಹಿಡಿದು ಯಂತ್ರ ಪೂರ್ತಿ ಆರಿಸಿ. ಮತ್ತೆ ಒತ್ತಿ ಹಿಡಿಯಿರಿ: ಒಂದು ಬೀಪ್ ಕೂಡಲೇ, ಇನ್ನೊಂದು ಸುಮಾರು 7 ಸೆಕೆಂಡಿನ ಮೇಲೆ. ಎರಡನೆಯದು ಕೇಳಿದ ಮೇಲೆ ಬಿಡಿ. ಸೇಫ್ ಮೋಡ್ ಬರುತ್ತದೆ. ಇಲ್ಲಿ ಕಂಟ್ರೋಲರ್ ಬ್ಲೂಟೂತಿನಲ್ಲಿ ಕೆಲಸ ಮಾಡುವುದಿಲ್ಲ, ಯುಎಸ್‌ಬಿ ಕೇಬಲ್ ಹಾಕಿ ಪಿಎಸ್ ಬಟನ್ ಒತ್ತಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಪವರ್‌ಬ್ಯಾಂಕ್ ಜೊತೆ ಬರುವ ಕೇಬಲ್‌ಗಳಲ್ಲಿ ಕೆಲವು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ. ಕನ್ಸೋಲ್ ಜೊತೆ ಬಂದ ಕೇಬಲ್ಲನ್ನೇ ಹುಡುಕಿ.

ಇನ್ನು ಪೆನ್‌ಡ್ರೈವ್. 8 ಜಿಬಿಯದು ಧಾರಾಳ. ಕಂಪ್ಯೂಟರಿನಲ್ಲಿ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಆದರೆ ಪಿಎಸ್5 ಕಣ್ಣೆತ್ತಿ ನೋಡುವುದಿಲ್ಲ. (ಎಕ್ಸ್‌ಬಾಕ್ಸ್ ಇದಕ್ಕೆ ತದ್ವಿರುದ್ಧ, ಅದಕ್ಕೆ ಎನ್‌ಟಿಎಫ್‌ಎಸ್ಸೇ ಆಗಬೇಕು.) ಅದರಲ್ಲಿ ‘ಪಿಎಸ್5’ ಎಂಬ ಫೋಲ್ಡರ್, ಅದರೊಳಗೆ ‘ಅಪ್‌ಡೇಟ್’ ಎಂಬ ಫೋಲ್ಡರ್, ಎರಡೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಪ್ಲೇಸ್ಟೇಷನ್ನಿನ ಅಧಿಕೃತ ತಾಣದಿಂದಲೇ ಇಳಿಸಿದ ಫೈಲನ್ನು ಒಳಗಿನ ಫೋಲ್ಡರಿಗೆ ಹಾಕಿ, ಹೆಸರು ಬದಲಿಸಬೇಡಿ. ಎರಡನೇ ಸಲ ಇಳಿಸಿದ್ದರೆ ಬ್ರೌಸರ್ ಹೆಸರಿನ ಕೊನೆಗೆ 1 ಸೇರಿಸಿರುತ್ತದೆ. ವಿಂಡೋಸ್ ಫೈಲ್ ಹೆಸರಿನ ಬಾಲ (ಇಲ್ಲಿ ಚುಕ್ಕಿಯ ನಂತರದ ‘ಪಿಯುಪಿ’) ಅಡಗಿಸುವುದರಿಂದ, ಕೈಯಾರೆ ಹೆಸರು ಹೊಡೆದವರದು ‘ಪಿಯುಪಿ’ ಎರಡು ಸಲ ಆಗಿರುತ್ತದೆ. ‘ಫೈಲ್ ಸಿಗಲಿಲ್ಲ’ ಎಂದು ಬಂದರೆ ಮೊದಲು ಇವನ್ನೇ ನೋಡಿ.

ಪಟ್ಟಿಯಲ್ಲಿ ‘ಅಪ್‌ಡೇಟ್ ಸಿಸ್ಟಮ್ ಸಾಫ್ಟ್‌ವೇರ್’ ಆರಿಸಿ, ಅಲ್ಲಿ ಯುಎಸ್‌ಬಿಯಿಂದ ಎನ್ನಿ. ಇದರಲ್ಲಿ ನಿಮ್ಮ ಆಟಗಳೂ ಸೇವ್‌ಗಳೂ ಉಳಿಯುತ್ತವೆ. ಅದಾಗದಿದ್ದರೆ ಮಾತ್ರ ‘ರೀಸೆಟ್ ಪಿಎಸ್5’, ಜೊತೆಗೆ ‘ರೀಇನ್‌ಸ್ಟಾಲ್’ ಎಂದು ಬರೆದಿರುವ ಆಯ್ಕೆ. ಅದು ಎಲ್ಲವನ್ನೂ ಅಳಿಸುತ್ತದೆ. ಸಾಲಿನ ಸಂಖ್ಯೆ ನೋಡಿ ಒತ್ತಬೇಡಿ, ಹೆಸರು ಓದಿ ಒತ್ತಿ.

ಸೇಫ್ ಮೋಡೇ ಬರದಿದ್ದರೆ ಸರ್ವಿಸ್ ಸೆಂಟರ್. ವಾರಂಟಿ ಇರುವಾಗ ಸ್ಕ್ರೂ ಬಿಚ್ಚಬೇಡಿ.

ಪ್ರಶ್ನೆ: ಹೊಸ ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಬೇಕೇ, ಕಾಯಬೇಕೇ? — ಬೆಂಗಳೂರು, ಬಸವನಗುಡಿಯ ಓದುಗರು

ಮೊದಲ ದಿನದ ಅಪ್‌ಡೇಟ್ ಬಿಟ್ಟರೆ ಉಳಿದವಕ್ಕೆ ಒಂದು ವಾರ ಕಾಯಿರಿ. 2008 ರ ಜುಲೈನಲ್ಲಿ ಪಿಎಸ್3ಕ್ಕೆ ಬಹಳ ಸದ್ದು ಮಾಡಿ 2.40 ಬಂತು, ಆಟದ ಸಾಧನೆಗೆ ಸಿಗುವ ಟ್ರೋಫಿಗಳು ಮೊದಲು ಬಂದದ್ದು ಅದರಲ್ಲೇ. ಕೆಲವರ ಯಂತ್ರ ಏಳದೆ ಹೋದದ್ದರಿಂದ ಸೋನಿ ಅದನ್ನು ಹಿಂತೆಗೆದು, ಒಂದು ವಾರದೊಳಗೆ 2.41 ಕೊಟ್ಟಿತು. 2013 ರ ಜೂನ್‌ನಲ್ಲಿ 4.45ರದ್ದೂ ಅದೇ ಕಥೆ. ಆ ಸಲ ಪೆಟ್ಟು ತಿಂದವರಲ್ಲಿ ಹಾರ್ಡ್‌ಡಿಸ್ಕ್ ಬದಲಿಸಿಕೊಂಡಿದ್ದವರು ಹಲವರು. ಕಾರಣ ಊಹಿಸುವುದು ಕಷ್ಟವಲ್ಲ: ಕಂಪನಿ ಎಷ್ಟೇ ಪರೀಕ್ಷೆ ಮಾಡಿದರೂ ಮನೆ ಮನೆಯಲ್ಲಿ ಸಿಕ್ಕಿಸಿಕೊಂಡಿರುವ ಡಿಸ್ಕು, ಡಾಕು (ಕೈಯಂತ್ರವನ್ನು ಟಿವಿಗೆ ಜೋಡಿಸುವ ಪೀಠ), ಕೇಬಲ್ಲುಗಳೆಲ್ಲ ಅದರ ಪ್ರಯೋಗಾಲಯದಲ್ಲಿ ಇರುವುದಿಲ್ಲ. ಅಪ್‌ಡೇಟ್ ಮಾಡುವ ಮೊದಲು ಹೊರಗಿನ ಡ್ರೈವ್‌ಗಳನ್ನು ಕಳಚಿಡುವುದೂ ಅದಕ್ಕೇ.

ಕಾಯಬೇಕೆಂದರೆ ಯಂತ್ರ ತಾನಾಗಿ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು. ಪಿಎಸ್5ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸಿಸ್ಟಮ್ ಸಾಫ್ಟ್‌ವೇರ್, ಅದರೊಳಗೆ ‘ಸಿಸ್ಟಮ್ ಸಾಫ್ಟ್‌ವೇರ್ ಅಪ್‌ಡೇಟ್ ಅಂಡ್ ಸೆಟ್ಟಿಂಗ್ಸ್’. ತಾನಾಗಿ ಇಳಿಸುವುದು, ತಾನಾಗಿ ಇನ್‌ಸ್ಟಾಲ್ ಮಾಡುವುದು ಎಂದು ಎರಡು ಸ್ವಿಚ್ ಇವೆ. ಇಳಿಸುವುದು ಇರಲಿ, ಇನ್‌ಸ್ಟಾಲ್ ಸ್ವಿಚ್ಚನ್ನು ಆಫ್ ಮಾಡಿ. ಇಲ್ಲದಿದ್ದರೆ ರೆಸ್ಟ್ ಮೋಡಿನಲ್ಲಿ, ನೀವು ಮಲಗಿದ ಮೇಲೆ, ಯುಪಿಎಸ್ ಇಲ್ಲದ ಸಾಕೆಟ್ಟಿನಲ್ಲಿ ಅದು ಆ ಕೆಲಸಕ್ಕೆ ಇಳಿಯುತ್ತದೆ. ಆದರೆ ಅಪ್‌ಡೇಟ್ ಇಲ್ಲದೆ ಆನ್‌ಲೈನ್ ಆಟ ಮತ್ತು ಸ್ಟೋರ್ ಬಾಗಿಲು ಮುಚ್ಚುತ್ತವೆ. ವಾರಕ್ಕಿಂತ ಹೆಚ್ಚು ಕಾಯುವುದು ಒಬ್ಬರೇ ಆಡುವವರಿಗೆ ಮಾತ್ರ ಸಾಧ್ಯ.

ಆ ವಾರದಲ್ಲಿ ಸೇವ್‌ಗಳನ್ನು ಕಾಪಿಟ್ಟುಕೊಳ್ಳಿ. ಎಕ್ಸ್‌ಬಾಕ್ಸ್ ಪುಕ್ಕಟೆಯಾಗಿ ಕ್ಲೌಡಿಗೆ ಕಳಿಸುತ್ತದೆ. ಪಿಎಸ್5ರ ಸೇವ್‌ಗಳನ್ನು ಬಿಡಿಯಾಗಿ ಪೆನ್‌ಡ್ರೈವಿಗೆ ಹಾಕಲು ಬರುವುದಿಲ್ಲ. ಪ್ಲೇಸ್ಟೇಷನ್ ಪ್ಲಸ್ ಚಂದಾ ಇದ್ದರೆ ಕ್ಲೌಡ್, ಇಲ್ಲದವರು ‘ಬ್ಯಾಕಪ್ ಅಂಡ್ ರಿಸ್ಟೋರ್’ ಮೂಲಕ ಇಡೀ ಯಂತ್ರವನ್ನೇ ಎಕ್ಸ್‌ಫ್ಯಾಟ್ ಹಾರ್ಡ್‌ಡಿಸ್ಕಿಗೆ ಇಳಿಸಬೇಕು. ಆಟಗಳನ್ನು ಬಿಟ್ಟು ಸೇವ್ ಮಾತ್ರ ಆರಿಸಿದರೆ ಬೇಗ ಮುಗಿಯುತ್ತದೆ.

ಪ್ರಶ್ನೆ: ಜಪಾನಿನಿಂದ ಅಣ್ಣ ಸ್ವಿಚ್ 2 ತಂದುಕೊಟ್ಟಿದ್ದಾರೆ. ಅಪ್‌ಡೇಟ್ ಮಾಡಿದರೆ ಇಂಗ್ಲಿಷ್ ಬರುತ್ತದೆಯೇ? ಕಡಿಮೆ ಬೆಲೆಯ ಡಾಕ್ ತಗೊಳ್ಳಬಹುದೇ? — ಮಂಗಳೂರಿನ ಓದುಗರು

ಜಪಾನಿನಲ್ಲಿ 2025 ರಲ್ಲಿ 49,980 ಯೆನ್‌ಗೆ ಬಿಡುಗಡೆಯಾದ ಅಗ್ಗದ ಮಾದರಿಯಾದರೆ ಬರುವುದಿಲ್ಲ. ಅದು ಜಪಾನಿ ಭಾಷೆಗೂ ಜಪಾನ್ ದೇಶದ ಖಾತೆಗೂ ಕಟ್ಟಿಹಾಕಿದ ಯಂತ್ರ. ಬಹುಭಾಷಾ ಮಾದರಿ ಬೇರೆಯೇ ಇದೆ, ಬೆಲೆ ಹೆಚ್ಚು. ಅಪ್‌ಡೇಟ್ ಮಾತ್ರ ಮಾಡಲೇಬೇಕು. ಹಳೆಯ ಸ್ವಿಚ್ ಆಟಗಳು ನಡೆಯಲು ಮೊದಲ ದಿನದ ಅಪ್‌ಡೇಟ್ ಬೇಕು.

ಬೇರೆ ಕಂಪನಿಯ ಡಾಕ್ ವಿಷಯದಲ್ಲಿ ನಮ್ಮ ಸಲಹೆ ಖಡಾಖಂಡಿತ: ಮೊದಲ ವರ್ಷ ಬೇಡ. ಟೈಪ್–ಸಿ ರಂಧ್ರ ಒಂದೇ ಎಂದು ಕಂಡರೂ, ಎಷ್ಟು ವೋಲ್ಟ್ ಕೊಡಬೇಕು, ಚಿತ್ರ ಯಾವಾಗ ಹೊರಡಬೇಕು ಎಂದು ಕನ್ಸೋಲೂ ಡಾಕೂ ಮಾತಾಡಿಕೊಳ್ಳುತ್ತವೆ. ಫರ್ಮ್‌ವೇರ್ ಬದಲಾದರೆ ಆ ಮಾತೂ ಬದಲಾಗಬಹುದು. 2018 ರ ಮಾರ್ಚ್‌ನಲ್ಲಿ ಹಳೆಯ ಸ್ವಿಚ್‌ಗೆ 5.0 ಬಂದಾಗ ನೈಕೊ ಕಂಪನಿಯ ಡಾಕಿಗೆ ಸಿಕ್ಕಿಸಿದ ಕೆಲವು ಯಂತ್ರಗಳು ಇಟ್ಟಿಗೆಯಾದವು. ಹಿಂದಿನ ದಿನದವರೆಗೂ ಅದೇ ಡಾಕ್ ಸರಿಯಾಗಿತ್ತು.

ಪ್ರಶ್ನೆ: ಅಪ್‌ಡೇಟ್ ಇಷ್ಟವಾಗದಿದ್ದರೆ ಹಳೆಯದಕ್ಕೆ ವಾಪಸ್ ಹೋಗಬಹುದೇ? ಅಂಗಡಿಯೊಬ್ಬರು ಮಾಡಿಕೊಡುತ್ತೇನೆ ಎನ್ನುತ್ತಾರೆ. — ಬೆಳಗಾವಿಯ ಓದುಗರು

ಹೋಗಲಾಗದು. ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್ ಯಾವುದರಲ್ಲೂ ಆ ದಾರಿ ಇಲ್ಲ. ಸ್ವಿಚ್‌ನಲ್ಲಂತೂ ಪ್ರೊಸೆಸರ್ ಒಳಗೇ ಇ–ಫ್ಯೂಸ್ ಎಂಬ ಅತಿ ಸಣ್ಣ ಫ್ಯೂಸುಗಳಿವೆ. ಕೆಲವು ಅಪ್‌ಡೇಟ್‌ಗಳು ಅದರಲ್ಲಿ ಒಂದನ್ನು ಸುಟ್ಟುಬಿಡುತ್ತವೆ. ಆಮೇಲೆ ಹಳೆಯ ಫರ್ಮ್‌ವೇರ್ ಹಾಕಿದರೆ ಯಂತ್ರ ಸುಟ್ಟ ಫ್ಯೂಸುಗಳನ್ನು ಎಣಿಸಿ ಏಳಲು ಒಪ್ಪುವುದಿಲ್ಲ. ಸುಟ್ಟ ಫ್ಯೂಸನ್ನು ಯಾವ ಅಂಗಡಿಯವರೂ ಕಟ್ಟಿಕೊಡಲಾರರು. ಸ್ಟೀಮ್ ಡೆಕ್ ಇದಕ್ಕೆ ಅಪವಾದ: ಮೂರು ಚುಕ್ಕಿಯ ಬಟನ್ ಹಿಡಿದು ಪವರ್ ಒತ್ತಿದರೆ ಹಿಂದಿನ ಆವೃತ್ತಿಯಿಂದ ಏಳಿಸುವ ಆಯ್ಕೆ ಬರುತ್ತದೆ, ಏಕೆಂದರೆ ಅದರಲ್ಲಿ ವ್ಯವಸ್ಥೆಯ ಎರಡು ಪ್ರತಿಗಳು ಅಕ್ಕಪಕ್ಕ ಇರುತ್ತವೆ.

ಹಿಂದೆ ಹೋಗಲಾಗದ್ದರ ಬಿಸಿ ಜೋರಾಗಿ ತಟ್ಟಿದ್ದು ಪಿಎಸ್3 ಕೊಂಡವರಿಗೆ. ಲಿನಕ್ಸ್ ಎಂಬ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಬಹುದು ಎಂದು ಹೇಳಿ ಮಾರಿದ ಯಂತ್ರ ಅದು. 2010 ರ ಏಪ್ರಿಲ್ 1ರಂದು ಬಂದ 3.21 ಆ ಸೌಲಭ್ಯವನ್ನೇ ಕಿತ್ತುಹಾಕಿತು. ಅಪ್‌ಡೇಟ್ ಮಾಡಿದರೆ ಲಿನಕ್ಸ್ ಇಲ್ಲ, ಮಾಡದಿದ್ದರೆ ಆನ್‌ಲೈನ್ ಆಟ ಇಲ್ಲ. ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಾದಾಡಿದರು. ಆದ್ದರಿಂದ ‘ಅಪ್‌ಡೇಟ್’ ಒತ್ತುವ ಮೊದಲು ಅದರ ವಿವರದ ಪುಟದಲ್ಲಿ ಸೇರಿಸಿದ್ದೇನು ಎಂಬುದರ ಜೊತೆಗೆ ತೆಗೆದದ್ದೇನು ಎಂದೂ ಹುಡುಕಿ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಸ್ವಿಚ್ 2 ಕೊಳ್ಳುವಾಗ ಏನು ನೋಡಬೇಕು? — ತುಮಕೂರಿನ ಓದುಗರು

ಹಣ ಕೊಡುವ ಮೊದಲು ನಿಮ್ಮ ಹಾಟ್‌ಸ್ಪಾಟ್‌ಗೆ ಜೋಡಿಸಿ, ಇ–ಶಾಪ್ (ನಿಂಟೆಂಡೊದ ಆನ್‌ಲೈನ್ ಅಂಗಡಿ) ತೆರೆಯಿರಿ. 2124–4508 ಎಂಬ ಎರರ್ ಬಂದರೆ ಆ ಯಂತ್ರವನ್ನು ನಿಂಟೆಂಡೊ ತನ್ನ ಆನ್‌ಲೈನ್ ಸೇವೆಯಿಂದ ಹೊರಹಾಕಿದೆ ಎಂದರ್ಥ. ನಕಲು ಕಾರ್ಟ್ರಿಜ್ ಹಾಕಿದ ಯಂತ್ರಗಳಿಗೆ ಹೀಗಾಗುತ್ತದೆ. ನಿಷೇಧ ಯಂತ್ರದ ಮೇಲೆ, ಖಾತೆಯ ಮೇಲಲ್ಲ. ರೀಸೆಟ್ ಮಾಡಿದರೂ ಹೋಗದು.