ಮಿಲ್ಟನ್‌ನನ್ನು ದೇವರ ಗೂಡಿನಿಂದ ಕೆಳಗಿಳಿಸಿ

ನಮಸ್ಕಾರ.

ನೀವು ಕಳಿಸಿದ 'ಇಂಗ್ಲೆಂಡಿನಲ್ಲಿ ವಾಕ್ ಸ್ವಾತಂತ್ರ್ಯ: ಮ್ಯಾಗ್ನಾ ಕಾರ್ಟಾದಿಂದ ಮಿಲ್‌ವರೆಗೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದು ಬೇಡ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಏಳನೇ ಪುಟದಲ್ಲಿದೆ. ಇಷ್ಟುದ್ದ ಪತ್ರ ಬರೆಯುತ್ತಿರುವುದು ಆ ಒಂದು ಪುಟಕ್ಕಾಗಿ.

1215ರ ಮ್ಯಾಗ್ನಾ ಕಾರ್ಟಾ ಸನ್ನದಿನಿಂದ 1859ರ ಮಿಲ್‌ನ ಪುಸ್ತಕದವರೆಗೆ 644 ವರ್ಷ. ನಿಮ್ಮ ಹತ್ತಿರ ಇದ್ದದ್ದು 14 ಪುಟ. ಚಿಂತಕರಲ್ಲಿ ಹಾಬ್ಸ್‌ಗೆ ನಾಲ್ಕು ಸಾಲು, ಬರ್ಕ್‌ಗೆ ಮೂರು, ಪೇನ್‌ಗೆ ಒಂದೇ ಒಂದು. ಓಡುವ ರೈಲಿನಿಂದ ಸ್ಟೇಷನ್ ಬೋರ್ಡು ಓದಿದ ಹಾಗಾಯಿತು. ಊರು ಯಾವುದೂ ಕಾಣಲಿಲ್ಲ.

ಏಳನೇ ಪುಟದಲ್ಲಿ ಮಾತ್ರ ರೈಲು ನಿಂತಿತು. 1644ರ ನವೆಂಬರ್‌ನಲ್ಲಿ ಇಂಗ್ಲಿಷ್ ಕವಿ ಜಾನ್ ಮಿಲ್ಟನ್ ಹೊರತಂದ 'ಅರಿಯೋಪಜಿಟಿಕಾ' ಎಂಬ ಕಿರುಹೊತ್ತಿಗೆಯ ಬಗ್ಗೆ ಅಲ್ಲಿ ಬರೆದಿದ್ದೀರಿ. ಅದರ ಹಿಂದಿನ ವರ್ಷ ಪಾರ್ಲಿಮೆಂಟು ಪುಸ್ತಕ ಅಚ್ಚಾಗುವ ಮೊದಲೇ ಪರವಾನಗಿ ಪಡೆಯಬೇಕೆಂದು ಆದೇಶ ಮಾಡಿತ್ತು. ಅಚ್ಚಿಗೆ ಹೋದ ಪುಸ್ತಕಕ್ಕೆ ಹೊಸದೊಂದು ಮಾತು ಸೇರಿಸಬೇಕಾದರೆ ಬರೆದವನು ಮತ್ತೆ ಪರವಾನಗಿ ಕೊಡುವವನ ಹತ್ತಿರ ಅಲೆಯಬೇಕು. ಅದೇ ಮನುಷ್ಯ ಸಿಗಬೇಕು. ಸಿಕ್ಕರೂ ಅವನಿಗೆ ಬಿಡುವಿರಬೇಕು. ಅಲ್ಲಿಯವರೆಗೆ ಅಚ್ಚಿನ ಯಂತ್ರ ಸುಮ್ನೆ ನಿಂತಿರಬೇಕು. ಮಿಲ್ಟನ್‌ನ ಈ ದೂರನ್ನು ಎಷ್ಟು ಚೆನ್ನಾಗಿ ಎತ್ತಿ ತೋರಿಸಿದ್ದೀರಿ! ಒಂದು ಸಹಿಗಾಗಿ ಕಚೇರಿಗೆ ನಾಲ್ಕು ಸಲ ಹೋಗಿ ಬಂದ ಯಾರಿಗಾದರೂ ಇದು ಅರ್ಥವಾಗುತ್ತದೆ. ಇಟಲಿಯ ಪುಸ್ತಕಗಳ ಮೊದಲ ಪುಟದಲ್ಲಿ ಐದೈದು 'ಅಚ್ಚಾಗಲಿ' ಎಂಬ ಒಪ್ಪಿಗೆಗಳು ತಲೆ ಬೋಳಿಸಿದ ಸನ್ಯಾಸಿಗಳ ಹಾಗೆ ಒಂದಕ್ಕೊಂದು ತಲೆಬಾಗುತ್ತಾ ನಿಂತಿವೆ ಎಂದು ಅವನು ಹಾಸ್ಯ ಮಾಡುವುದನ್ನೂ ನೀವು ಬಿಟ್ಟಿಲ್ಲ. ನಾನು ಬಿ.ಎ.ಯಲ್ಲಿ ಮಿಲ್ಟನ್ ಓದಿದ್ದು ಪರೀಕ್ಷೆಗಾಗಿ. ಈ ಮಿಲ್ಟನ್ ನನಗೆ ಆಗ ಸಿಕ್ಕಿರಲಿಲ್ಲ.

ಎಂಟನೇ ಪುಟದಲ್ಲಿ ನೀವು ಅವನನ್ನು ದೇವರ ಗೂಡಿನಲ್ಲಿ ಕೂರಿಸಿಬಿಟ್ಟಿರಿ. 'ಅಭಿವ್ಯಕ್ತಿ ಸ್ವಾತಂತ್ರ್ಯದ ಹರಿಕಾರ' ಎಂಬ ಮಾತು ಆರು ಸಲ ಬಂದಿದೆ. ಹೂವು ಏರಿಸಿದಷ್ಟೂ ಮುಖ ಮುಚ್ಚಿಹೋಗುತ್ತದೆ, ಅಲ್ವಾ?

ಅವನು ಈ ಹೊತ್ತಿಗೆ ಯಾಕೆ ಬರೆದ? ನಿಮ್ಮ ಲೇಖನದಲ್ಲಿ ಆ ಪ್ರಶ್ನೆಯೇ ಇಲ್ಲ. 1642ರಲ್ಲಿ ಅವನ ಮದುವೆಯಾಯಿತು. ಸುಮಾರು ಒಂದು ತಿಂಗಳಿಗೆ ಹೆಂಡತಿ ಮೇರಿ ಪೊವೆಲ್ ತವರಿಗೆ ಹೋದಳು. 1645ರವರೆಗೆ ವಾಪಸ್ ಬರಲಿಲ್ಲ. 1643ರಲ್ಲಿ ಮಿಲ್ಟನ್ ವಿಚ್ಛೇದನಕ್ಕೆ ಅವಕಾಶ ಬೇಕೆಂದು ವಾದಿಸಿ ಪುಸ್ತಕ ಬರೆದ. ಮರುವರ್ಷ ಆಗಸ್ಟ್‌ನಲ್ಲಿ ಪಾರ್ಲಿಮೆಂಟಿನ ಮುಂದೆಯೇ ಒಬ್ಬ ಪಾದ್ರಿ ತನ್ನ ಪ್ರವಚನದಲ್ಲಿ, ಇಂಥ ಪುಸ್ತಕವನ್ನು ಸುಡಬೇಕು ಎಂದ. 'ಅರಿಯೋಪಜಿಟಿಕಾ' ಬಂದದ್ದು ಅದಾಗಿ ಮೂರು ತಿಂಗಳಿಗೆ. ಅಂದರೆ ಆ ಮಾತು ಬಂದದ್ದು ನೊಂದ ಮನುಷ್ಯನ ಬಾಯಿಂದ. ಇದನ್ನು ಹೇಳಿದರೆ ಅವನು ಸಣ್ಣವನಾಗುವುದಿಲ್ಲ. ತನ್ನ ಒಂದು ಪುಸ್ತಕದ ನೋವಿನಿಂದ ಹೊರಟು ಎಲ್ಲ ಪುಸ್ತಕಗಳ ಪರ ಮಾತಾಡುವ ಜಾಗಕ್ಕೆ ಬಂದ. ಆ ದಾರಿಯನ್ನು ನೀವು ನಮಗೆ ತೋರಿಸಬೇಕು.

ಇನ್ನು ನೇರ ತಪ್ಪುಗಳು. 'ಈ ಗ್ರಂಥದ ಪ್ರಭಾವದಿಂದ ಕಾಯ್ದೆ ಕುಸಿದುಬಿತ್ತು' ಎಂದು ಬರೆದಿದ್ದೀರಿ. ಹಾಗೆ ಆಗಲಿಲ್ಲ. ಅವನು ಬದುಕಿರುವವರೆಗೂ ಆ ಹೊತ್ತಿಗೆ ಎರಡನೇ ಸಲ ಅಚ್ಚಾಗಲಿಲ್ಲ. 1649ರಲ್ಲಿ ಬಿದ್ದಿದ್ದ ರಾಜಪ್ರಭುತ್ವ ಮರಳಿ ಬಂದ ಮೇಲೆ 1662ರಲ್ಲಿ ಹೊಸ ಪರವಾನಗಿ ಕಾಯ್ದೆಯೇ ಬಂತು. 1664ರಲ್ಲಿ ಜಾನ್ ಟ್ವಿನ್ ಎಂಬ ಮುದ್ರಕನನ್ನು ರಾಜದ್ರೋಹದ ಪುಸ್ತಕ ಅಚ್ಚು ಹಾಕಿದ್ದಕ್ಕೆ ಕೊಂದರು. 1667ರಲ್ಲಿ ಕಣ್ಣು ಕಳೆದುಕೊಂಡಿದ್ದ ಮಿಲ್ಟನ್ ತನ್ನ 'ಪ್ಯಾರಡೈಸ್ ಲಾಸ್ಟ್' ಮಹಾಕಾವ್ಯವನ್ನು ಪರವಾನಗಿ ಪಡೆದೇ ಹೊರತಂದ. ಈ ಸಾಲನ್ನು ಬರೆಯುವಾಗ ನನಗೇ ಸಂಕಟವಾಗುತ್ತದೆ. ನಿಮ್ಮ ಓದುಗರಿಗೂ ಆಗಲಿ.

'ಮಿಲ್ಟನ್ ಎಲ್ಲರಿಗೂ ಸ್ವಾತಂತ್ರ್ಯ ಕೇಳಿದ' ಎಂಬುದೂ ಸರಿಯಲ್ಲ. ಕ್ಯಾಥೊಲಿಕ್ ಮತವನ್ನು ಸಹಿಸಬಾರದು ಎಂದು ಅದೇ ಹೊತ್ತಿಗೆಯಲ್ಲಿ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಮೂಲ ಓದಿದ್ದೀರಿ ಎಂದು ಏಳನೇ ಪುಟ ಹೇಳುತ್ತದೆ. ಹಾಗಾದರೆ ಆ ಸಾಲು ನಿಮ್ಮ ಕಣ್ಣಿಗೆ ಬಿದ್ದಿರಲೇಬೇಕು. ಬಿದ್ದೂ ಬಿಟ್ಟಿದ್ದರೆ, ದಯವಿಟ್ಟು ಇನ್ನು ಮುಂದೆ ಹಾಗೆ ಮಾಡಬೇಡಿ. ನೀವು ಬಚ್ಚಿಟ್ಟ ಸಾಲು ನಾಳೆ ಓದುಗನ ಕೈಗೆ ಸಿಕ್ಕರೆ ನಿಮ್ಮ ಉಳಿದ ಮಾತುಗಳನ್ನೂ ಅವನು ನಂಬುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಅದನ್ನು ನೀವು ಮುಟ್ಟಿಯೇ ಇಲ್ಲ. 1649ರಲ್ಲಿ ರಾಜನ ತಲೆ ಉರುಳಿದ ಮೇಲೆ ಮಿಲ್ಟನ್ ಹೊಸ ಸರ್ಕಾರದ ನೌಕರನಾದ. ಸುಮಾರು 1651ರ ಉದ್ದಕ್ಕೂ 'ಮರ್ಕ್ಯುರಿಯಸ್ ಪೊಲಿಟಿಕಸ್' ಎಂಬ ಸರ್ಕಾರದ ಪರ ಸುದ್ದಿ ಪತ್ರಿಕೆಗೆ ಪರವಾನಗಿ ಕೊಟ್ಟವನಾಗಿ ದಾಖಲೆಯಲ್ಲಿ ಅವನ ಹೆಸರೇ ಇದೆ. ಲೈಸೆನ್ಸ್ ಬೇಡ ಎಂದವನೇ ಲೈಸೆನ್ಸ್ ಕೊಡುವ ಕುರ್ಚಿಯಲ್ಲಿ ಕೂತ! ಮೋಸಗಾರ ಎಂದುಬಿಡಬೇಕು ಅನ್ನಿಸುತ್ತದೆ. ಆದರೆ ಆಮೇಲಿನ ಕಥೆ ಕೇಳಿ. ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರು ಎಂಬ ಕ್ರೈಸ್ತರ ತ್ರಿತ್ವವನ್ನು ಒಪ್ಪದ, ಪೋಲೆಂಡಿನ ಪಂಥವೊಂದರ ಪುಸ್ತಕ ಲಂಡನ್‌ನಲ್ಲಿ ಅಚ್ಚಾಯಿತು. 1652ರಲ್ಲಿ ಪಾರ್ಲಿಮೆಂಟು ಅದನ್ನು ಸುಡಲು ಹೇಳಿತು. ಇದಕ್ಕೆ ಒಪ್ಪಿಗೆ ಕೊಟ್ಟವನು ನೀನೇನಾ ಎಂದು ಮಿಲ್ಟನ್‌ನನ್ನು ವಿಚಾರಿಸಿದರು. ಹೌದು, ಪುಸ್ತಕಗಳನ್ನು ತಡೆಯಬಾರದು ಎಂದು ನಾನು ಹಿಂದೆಯೇ ಬರೆದಿದ್ದೇನೆ, ಅದರಂತೆ ನಡೆದಿದ್ದೇನೆ ಎಂಬ ಅರ್ಥದ ಉತ್ತರ ಅವನು ಕೊಟ್ಟನೆಂದು ಆಗ ಲಂಡನ್‌ನಲ್ಲಿದ್ದ ಡಚ್ ರಾಜತಾಂತ್ರಿಕನೊಬ್ಬ ಬರೆದಿಟ್ಟಿದ್ದಾನೆ. ಕುರ್ಚಿಯಲ್ಲಿ ಕೂತೂ ಅವನು ಆ ಹೊತ್ತಿಗೆಯನ್ನು ಮರೆತಿರಲಿಲ್ಲ. ನಿಮ್ಮ ಲೇಖನದ ಜೀವ ಇಲ್ಲಿದೆ. ಇಲ್ಲಿ ನಿಧಾನ ಮಾಡಿ. ಎರಡು ಪುಟ ಕೊಡಿ, ಜಾಸ್ತಿಯಾಗುವುದಿಲ್ಲ.

ಕಾಯ್ದೆ ಕೊನೆಗೂ ಬಿದ್ದದ್ದು 1695ರಲ್ಲಿ. ಅವಧಿ ಮುಗಿಯಿತು, ಕಾಮನ್ಸ್ ಸಭೆ ಅದನ್ನು ಮುಂದುವರಿಸಲಿಲ್ಲ. ಅವರು ಕೊಟ್ಟ ಕಾರಣಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಸತ್ಯ, ವಿವೇಕ, ಸ್ವಾತಂತ್ರ್ಯ ಎಂಬ ದೊಡ್ಡ ಮಾತುಗಳಿಲ್ಲ. ಮುದ್ರಕರ ಸಂಘದ ಏಕಸ್ವಾಮ್ಯ, ಮನೆ ಶೋಧನೆ, ಬಂದರಿನಲ್ಲಿ ಕೊಳೆಯುವ ಪುಸ್ತಕದ ಪೆಟ್ಟಿಗೆಗಳು. ಪುಸ್ತಕ ಇರುವ ಪೆಟ್ಟಿಗೆಯನ್ನು ಪರವಾನಗಿದಾರ ಬರುವವರೆಗೆ ತೆರೆಯಬಾರದು ಎಂದರೆ, ಒಳಗಿರುವುದು ಪುಸ್ತಕ ಎಂದು ಸುಂಕದವನಿಗೆ ಗೊತ್ತಾಗುವುದಾದರೂ ಹೇಗೆ? ತತ್ವಜ್ಞಾನಿ ಜಾನ್ ಲಾಕ್ ಕೂಡ ತನ್ನ ಟಿಪ್ಪಣಿಯಲ್ಲಿ ಲ್ಯಾಟಿನ್ ಪುಸ್ತಕಗಳ ಕೆಟ್ಟ ಅಚ್ಚು, ದುಬಾರಿ ಬೆಲೆಗಳ ಬಗ್ಗೆ ಸಿಟ್ಟಾಗಿದ್ದಾನೆ. ಬಾಯಲ್ಲಿ ಹೇಳಬಹುದಾದದ್ದನ್ನು ಅಚ್ಚು ಹಾಕಲು ಯಾಕೆ ಬಿಡಬಾರದು ಎಂದು ಕೇಳಿದ್ದೂ ಅದೇ ಟಿಪ್ಪಣಿಯಲ್ಲಿ. 51 ವರ್ಷ ಮೊದಲು ಮಿಲ್ಟನ್ ದೂರಿದ್ದ ಅಲೆದಾಟಕ್ಕೂ ಈ ಪೆಟ್ಟಿಗೆಗಳಿಗೂ ಇರುವ ನಂಟು ನಿಮಗೆ ಕಾಣಲಿಲ್ಲವೇ? ಏಳನೇ ಪುಟ ಬರೆದವರಿಗೆ ಕಾಣಲೇಬೇಕು.

ಮ್ಯಾಗ್ನಾ ಕಾರ್ಟಾ ತೆಗೆಯಿರಿ. ಬರ್ಕ್, ಪೇನ್, ಮಿಲ್ ಎಲ್ಲರನ್ನೂ ತೆಗೆಯಿರಿ. ಬೇಜಾರಾಗುತ್ತದೆ, ಗೊತ್ತು. 'ಇಂಗ್ಲೆಂಡ್ ನಮಗೆ ಪತ್ರಿಕಾ ಸ್ವಾತಂತ್ರ್ಯ ಕೊಟ್ಟಿತು' ಎಂಬ ಕೊನೆಯ ಪ್ಯಾರಾ ಅಂತೂ ಇರಲೇಬಾರದು. 1878ರಲ್ಲಿ ವೈಸ್‌ರಾಯ್ ಲಿಟನ್ ಸರ್ಕಾರ ಇಲ್ಲಿ ದೇಶಭಾಷೆಗಳ ಪತ್ರಿಕೆಗಳಿಗೆ ಮಾತ್ರ ಕಡಿವಾಣ ಹಾಕಿತು. ಇಂಗ್ಲಿಷ್ ಪತ್ರಿಕೆಗಳನ್ನು ಮುಟ್ಟಲಿಲ್ಲ. ಅದು ಬೇರೆಯದೇ ಲೇಖನ, ಮುಂದೆ ಬರೆಯಿರಿ.

ಭಾಷೆಯ ಬಗ್ಗೆ ಒಂದೇ ಮಾತು. 'ಮಿಲ್ಟನ್‌ನಿಂದ ಪ್ರತಿಪಾದಿಸಲ್ಪಟ್ಟ ಚಿಂತನೆಗಳು' ಎಂದು ನೀವು ಮನೆಯಲ್ಲಿ ಯಾರ ಜೊತೆಗಾದರೂ ಮಾತಾಡುತ್ತೀರಾ? 'ಮಿಲ್ಟನ್ ಹೇಳಿದ್ದು' ಸಾಕು. ಏಳನೇ ಪುಟದಲ್ಲಿ 'ಲ್ಪಟ್ಟ' ಒಂದೂ ಇಲ್ಲ, ನೋಡಿ.

ಒಂದು 1500 ಪದಗಳಲ್ಲಿ ಮತ್ತೆ ಬರೆದು ಕಳಿಸಿ. 'ಅರಿಯೋಪಜಿಟಿಕಾ'ದ ಮೊದಲ ಪುಟದ ಚಿತ್ರವನ್ನೂ ಜೊತೆಗಿಡಿ. ಅವನು ಅದಕ್ಕೆ ಪರವಾನಗಿ ಪಡೆದಿರಲಿಲ್ಲ. ಆದರೂ ತನ್ನ ಹೆಸರನ್ನು ರಾಜಾರೋಷವಾಗಿ ಹಾಕಿದ್ದಾನೆ. ಕೆಳಗೆ ಲಂಡನ್ ಎಂದಿದೆ, 1644 ಎಂದಿದೆ, ಮುದ್ರಕನ ಹೆಸರು ಮಾತ್ರ ಇಲ್ಲ. ಆ ಖಾಲಿ ಜಾಗ ಓದುಗರಿಗೆ ಕಾಣಬೇಕು.