ವರ್ಗಾವಣೆ ಯಾರಿಗೆ?

ಪ್ರಿಯ ಓದುಗರೇ,

ಬಾಹ್ಯಾಕಾಶ ನೌಕೆಯೊಂದರ ಕಥೆ ಹೇಳುವ ಅಮೆರಿಕದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಟಿವಿ ಧಾರಾವಾಹಿಯ ‘ಲೆಸನ್ಸ್’ ಎಂಬ ಸಂಚಿಕೆಯ (ಅದು ಪ್ರಸಾರವಾದದ್ದು 1993ರ ಏಪ್ರಿಲ್‌ನಲ್ಲಿ) ಬಗ್ಗೆ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಪ್ರೀತಿಗಿಂತ ಕರ್ತವ್ಯ ದೊಡ್ಡದೆಂದು ನೌಕೆಯ ಕ್ಯಾಪ್ಟನ್ ಪಿಕಾರ್ಡ್ ತೋರಿಸಿಕೊಟ್ಟನೆಂದೂ, ನಾಯಕಿಯನ್ನು ವಿಜ್ಞಾನಿಯಾಗಿಯೇ ಚಿತ್ರಿಸಿರುವ ಕಥೆಯಲ್ಲಿ ಗಂಡು-ಹೆಣ್ಣಿನ ತಾರತಮ್ಯ ಹುಡುಕುವುದು ಮೊಸರಿನಲ್ಲಿ ಕಲ್ಲು ಹುಡುಕಿದಂತೆಂದೂ ಬರೆದಿದ್ದೀರಿ. ಪಿಕಾರ್ಡನ ‘ತ್ಯಾಗ’ ನಿಮ್ಮ ಪತ್ರದಲ್ಲಿ ಮೂರು ಕಡೆ ಬಂದಿದೆ. ಅವನ ಕೈಕೆಳಗೇ ಕೆಲಸ ಮಾಡುತ್ತಿದ್ದ, ಅವನು ಪ್ರೀತಿಸಿದ ಆ ವಿಜ್ಞಾನಿಯ ಹೆಸರು, ನೆಲ್ಲಾ ಡ್ಯಾರೆನ್, ಒಮ್ಮೆಯೂ ಬಂದಿಲ್ಲ. ನನಗೆ ಕಲ್ಲು ಸಿಕ್ಕಿದ್ದು ಅಲ್ಲೇ.

ಪಿಕಾರ್ಡನ ಸಂಕಟ ಸುಳ್ಳಲ್ಲ, ಒಪ್ಪಿದೆ. ಬೆಂಕಿಯ ಬಿರುಗಾಳಿ ಏಳುತ್ತಿದ್ದ ಗ್ರಹಕ್ಕೆ ತಾನು ಪ್ರೀತಿಸಿದವಳನ್ನೇ ಕಳಿಸಬೇಕಾಗಿ ಬಂದಾಗ ಅವನು ಕಳಿಸಿದ.

ಆದರೆ ನೆಲ್ಲಾಳನ್ನು ನೋಡಿ. ರಿಪೇರಿಯವರು ತೆವಳಿಕೊಂಡು ಹೋಗುವ ಕೊಳವೆದಾರಿಗಳು ಕೂಡುವ ಇಕ್ಕಟ್ಟಿನ ಜಾಗಕ್ಕೆ ಅವಳು ಪಿಕಾರ್ಡನನ್ನು ಕರೆದೊಯ್ದು, ಇಡೀ ನೌಕೆಯಲ್ಲಿ ನಾದ ಇಷ್ಟು ಚೆನ್ನಾಗಿ ಕೇಳುವ ಜಾಗ ಇನ್ನೊಂದಿಲ್ಲ ಎನ್ನುತ್ತಾಳೆ. ಚಾಪೆಯಂತೆ ಸುತ್ತಿಟ್ಟ ಪಿಯಾನೋ ಬಿಡಿಸಿ ನುಡಿಸುತ್ತಾಳೆ, ಅವನು ಕೊಳಲು ಊದುತ್ತಾನೆ. ನೌಕೆಗೆ ಹೊಸದಾಗಿ ಬಂದವಳು ವರ್ಷಗಳಿಂದ ಅದನ್ನು ಆಳುತ್ತಿರುವವನಿಗೆ ಅದರ ಮೂಲೆಯೊಂದನ್ನು ಪರಿಚಯಿಸುತ್ತಾಳೆ. ಅದೇ ನೆಲ್ಲಾ ತನ್ನ ವಿಭಾಗದ ಕೆಲಸಕ್ಕೆ ಬೇಕಾದದ್ದನ್ನು ಕೇಳಿದರೆ, ಇದು ಅಧಿಕಾರಿಯ ಕೋರಿಕೆಯೋ ಕ್ಯಾಪ್ಟನ್ನನ ಪ್ರೇಯಸಿಯದೋ ಎಂದು ಉಪನಾಯಕ ರೈಕರ್‌ಗೆ ಮುಜುಗರ. ಪ್ರೀತಿಸಿದವರು ಇಬ್ಬರು, ಅನುಮಾನದ ಕಣ್ಣು ಬಿದ್ದದ್ದು ಒಬ್ಬಳ ಮೇಲೆ. ಕೊನೆಗೆ ಗ್ರಹದಲ್ಲಿ ಸಾವಿನ ಬಾಯಿಗೆ ಹೋಗಿ ಬಂದವಳೂ ಅವಳೇ, ವರ್ಗಾವಣೆ ಕೇಳಿ ನೌಕೆ ಬಿಟ್ಟವಳೂ ಅವಳೇ. ನೀವು ತ್ಯಾಗ ಎಂದದ್ದು ಯಾವುದನ್ನು?

ಕ್ಯಾಪ್ಟನ್ ಹೇಗೆ ನೌಕೆ ಬಿಟ್ಟಾನು ಎಂದು ಕೇಳುವಿರಿ. ಕ್ಯಾಪ್ಟನ್ನನ ಕುರ್ಚಿಯಲ್ಲಿ ಗಂಡಸೇ ಇದ್ದದ್ದು ಹೇಗೆ ಎಂಬುದನ್ನೂ ಕೇಳಬೇಕಲ್ಲವೇ? 1969ರಲ್ಲಿ ಮೂಲ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕಡೆಯ ಸಂಚಿಕೆಯಲ್ಲಿ, ನಿಮ್ಮ ಕ್ಯಾಪ್ಟನ್‌ಗಳ ಲೋಕದಲ್ಲಿ ಹೆಣ್ಣಿಗೆ ಎಡೆಯಿಲ್ಲ ಎಂದು ಆ ಕಾಲದ ಕ್ಯಾಪ್ಟನ್ನನಿಗೆ ದೂರುವ ಪಾತ್ರವೊಂದಿತ್ತು. ಕಥೆ ಅವಳ ದೂರಿಗೆ ಉತ್ತರ ಕೊಡದೆ ಅವಳಿಗೆ ಹುಚ್ಚು ಹಿಡಿಸಿ ಕೈತೊಳೆದುಕೊಂಡಿತು. ‘ಸ್ಟಾರ್ ಟ್ರೆಕ್’ ಧಾರಾವಾಹಿಗಳ ಸಾಲಿನಲ್ಲಿ ಕ್ಯಾಪ್ಟನ್ನಳೇ ಕಥಾನಾಯಕಿಯಾಗಲು 1995ರ ‘ವಾಯೇಜರ್’ ಬರಬೇಕಾಯಿತು.

ನಿಜವಾದ ನೌಕೆಯ ಕಥೆಯೇ ಮೇಲು. ದಂಪತಿಯನ್ನು ಒಂದೇ ಯಾನದಲ್ಲಿ ಕಳಿಸಬಾರದೆಂಬ ನಿಲುವು ನಾಸಾಕ್ಕಿತ್ತು. ಆದರೆ ಗಗನಯಾತ್ರಿಗಳಾದ ಮಾರ್ಕ್ ಲೀ ಮತ್ತು ಜ್ಯಾನ್ ಡೇವಿಸ್ ಒಂದೇ ಯಾನಕ್ಕೆ ಆಯ್ಕೆಯಾದ ಮೇಲೆ ಮದುವೆಯಾದರು, ತರಬೇತಿ ಬಹಳ ಮುಂದೆ ಸಾಗಿತ್ತು, ಇಬ್ಬರಲ್ಲಿ ಯಾರನ್ನೂ ತೆಗೆಯಲಿಲ್ಲ. 1992ರ ಸೆಪ್ಟೆಂಬರ್‌ನಲ್ಲಿ, ಎಂದರೆ ಈ ಸಂಚಿಕೆ ಪ್ರಸಾರವಾಗುವ ಏಳು ತಿಂಗಳ ಮೊದಲು, ಇಬ್ಬರೂ ಎಂಡೆವರ್ ನೌಕೆಯಲ್ಲಿ ಹೋಗಿಬಂದರು. ಅವರ ಪಾಳಿಗಳು ಬೇರೆ ಬೇರೆಯಾಗಿದ್ದವು, ಅಷ್ಟೇ. ಅದೇ ಯಾನದಲ್ಲಿದ್ದ ಮೇ ಜೆಮಿಸನ್ ಮುಂದಿನ ಮೇ ತಿಂಗಳಲ್ಲಿ ಇದೇ ಧಾರಾವಾಹಿಯಲ್ಲಿ ಒಂದು ಚಿಕ್ಕ ಪಾತ್ರ ಮಾಡಿದರು. ಅವರನ್ನಾದರೂ ಕೇಳಿದ್ದರೆ ಪಾಳಿ ಬದಲಿಸುವ ಉಪಾಯ ಹೇಳುತ್ತಿದ್ದರೇನೋ!

ನಾನು ಕೆಲಸ ಕಲಿತ ಪತ್ರಿಕಾಲಯದಲ್ಲಿ ಸುದ್ದಿ ಸಂಪಾದಕರೂ ಒಬ್ಬ ಉಪಸಂಪಾದಕಿಯೂ ಮದುವೆಯಾದರು. ತಿಂಗಳೊಳಗೆ ಆಕೆಯ ಮೇಜು ಪುರವಣಿ ವಿಭಾಗಕ್ಕೆ ಹೋಯಿತು. ಮುಖಪುಟದ ಶೀರ್ಷಿಕೆಗಳನ್ನು ಆಕೆಯಷ್ಟು ಚುರುಕಾಗಿ ಕೊಡುವವರು ನಮ್ಮಲ್ಲಿ ಇರಲಿಲ್ಲ. ಬೀಳ್ಕೊಡುಗೆಯ ಚಹಾಕೂಟದಲ್ಲಿ ಎಲ್ಲರೂ ಹೊಗಳಿದ್ದು ಆಕೆಯ ‘ಹೊಂದಿಕೊಂಡು ಹೋಗುವ ಗುಣ’ವನ್ನು. ನಾನೂ ಚಪ್ಪಾಳೆ ತಟ್ಟಿದೆ. ನಿಮ್ಮ ಪತ್ರ ಓದುವಾಗ ಆ ಚಪ್ಪಾಳೆ ನೆನಪಾಗಿ ಕಿವಿ ಬಿಸಿಯಾಯಿತು.

ನೀವು ಸೂಕ್ಷ್ಮವಾಗಿ ನೋಡುವವರೆಂದು ಹಿಂದಿನ ಪತ್ರಗಳಿಂದ ಬಲ್ಲೆ, ಅದಕ್ಕೇ ಇಷ್ಟು ಬರೆದೆ. ಇನ್ನೊಮ್ಮೆ ನೋಡಿ, ಈ ಸಲ ನೆಲ್ಲಾಳ ಕಡೆ ಕಣ್ಣಿಟ್ಟು ನೋಡಿ. ಅವಳು ಯಾವ ನೌಕೆಗೆ ಹೋದಳು, ಅಲ್ಲಿ ಪಿಯಾನೋಗೆ ಜತೆಗಾರರು ಸಿಕ್ಕರೋ ಇಲ್ಲವೋ, 1994ರಲ್ಲಿ ಮುಗಿಯುವವರೆಗೂ ಆ ಧಾರಾವಾಹಿ ಹೇಳಲಿಲ್ಲ.

— ಸಂಪಾದಕ