ಮೆಸರೇಟರ್ ಪಂಪ್ ಇಟ್ಟುಕೊಳ್ಳಬೇಕಾ, ತೆಗೆಯಬೇಕಾ?

ಹಳೆಯ ಮೋಟರ್‌ಹೋಮ್‌ನಲ್ಲಿ (ಒಳಗೇ ವಾಸ ಮಾಡಬಹುದಾದ ವಾಹನದಲ್ಲಿ) ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಮೆಸರೇಟರ್ ಪಂಪ್ ಕಿತ್ತು ಮಾಮೂಲಿ 3 ಇಂಚಿನ ಪೈಪ್ ಹಾಕಿಸಲಾ ಅಂತ ಕೇಳಿದ್ದೀರಿ. ಪಂಪ್ ಓಡುತ್ತಿದ್ದರೆ ಈಗಲೇ ಕೀಳಬೇಡಿ. ಆದರೆ ಅದೊಂದನ್ನೇ ನಂಬಿ ಕೂರಲೂಬೇಡಿ.

ಅದು ಗಲೀಜನ್ನೆಲ್ಲ ಅರೆದು ತೆಳ್ಳಗೆ ಮಾಡಿ ಸಣ್ಣ ಪೈಪಿನಲ್ಲಿ ದೂಡುತ್ತದೆ, ಹಾಗಾಗಿ ಒಳಚರಂಡಿ ಬಾಯಿ ದೂರದಲ್ಲಿದ್ದರೂ, ಟ್ಯಾಂಕಿಗಿಂತ ಸ್ವಲ್ಪ ಎತ್ತರದಲ್ಲಿದ್ದರೂ ಕೆಲಸ ಆಗುತ್ತದೆ. ದೊಡ್ಡ ಪೈಪಿಗೆ ಇಳಿಜಾರು ಬೇಕೇ ಬೇಕು. ನೀವು ಯಾವಾಗಲೂ ಡಂಪ್ ಸ್ಟೇಷನ್‌ನಲ್ಲೇ (ಇಂಥ ಟ್ಯಾಂಕ್ ಖಾಲಿ ಮಾಡಲೆಂದೇ ಇರುವ ಜಾಗದಲ್ಲೇ) ಖಾಲಿ ಮಾಡುವವರಾದರೆ ಪಂಪ್ ಸುಮ್ನೆ ತಲೆನೋವು, ದೊಡ್ಡ ಪೈಪಿನಲ್ಲೇ ಬೇಗ ಮುಗಿಯುತ್ತದೆ.

ಅಸಲಿ ತೊಂದರೆ ಪಂಪ್ ಕೈಕೊಟ್ಟಾಗ. ಟ್ಯಾಂಕ್ ತುಂಬಿದೆ, ಬೇರೆ ದಾರಿ ಇಲ್ಲ, ಯಾರಿಗೆ ಬೇಕು ಆ ಫಜೀತಿ ಅಲ್ವಾ? ಅದಕ್ಕೇ ಟ್ಯಾಂಕಿನ ವಾಲ್ವ್ ಆದಮೇಲೆ ಒಂದು Y ಆಕಾರದ ಪೈಪ್ ಜೋಡಣೆ ಹಾಕಿಸಿ, ಒಂದು ಕಡೆ ಪಂಪ್, ಇನ್ನೊಂದು ಕಡೆ ಪ್ರತ್ಯೇಕ ವಾಲ್ವ್ ಮತ್ತು ಮುಚ್ಚಳ ಇರುವ 3 ಇಂಚಿನ ಬಾಯಿ. ನನ್ನ ಓಟು ಇದಕ್ಕೇ. ಜಾಗ ಸಾಲದಿದ್ದರೆ ಪಂಪ್ ತೆಗೆದು, ಬೇಕಾದಾಗ ಮಾತ್ರ ಸಿಕ್ಕಿಸುವ ಪೋರ್ಟಬಲ್ ಮೆಸರೇಟರ್ ತೆಗೆದುಕೊಳ್ಳಿ.

ಇಟ್ಟುಕೊಂಡರೆ ನೀರಿಲ್ಲದೆ ಓಡಿಸಬೇಡಿ, ಒಳಗಿನ ರಬ್ಬರ್ ಇಂಪೆಲ್ಲರ್ (ಗಲೀಜನ್ನು ದೂಡುವ ಚಕ್ರ) ಬೇಗ ಹಾಳಾಗುತ್ತದೆ. ಸದ್ದು ಬದಲಾದ ತಕ್ಷಣ ಆಫ್ ಮಾಡಿ. ವೆಟ್ ವೈಪ್ಸ್ ಅಂತೂ ಟಾಯ್ಲೆಟ್‌ಗೆ ಹಾಕಲೇಬೇಡಿ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. ಬಹಳ ದಿನ ನಿಂತು ಪಂಪ್ ಬಿಗಿದುಕೊಂಡಿದ್ದರೆ ಮೊದಲು ಫ್ಯೂಸ್ ತೆಗೆಯಿರಿ. ಕೆಲವು ಮಾಡೆಲ್‌ಗಳಲ್ಲಿ ಮೋಟರಿನ ಹಿಂಬದಿಯಲ್ಲಿ ಶಾಫ್ಟಿನ ತುದಿ ಸಿಗುತ್ತದೆ, ಅದನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ.